ಹೋದ ವರ್ಷದಲ್ಲೇ ನಿಂತ ಕಂಪ್ಯೂಟರ್

ಟಕಟಕ ಅಕ್ಕ ಒಳ್ಳೆಯವಳು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳ ಬಾಯಿಗೆ ಸಿಕ್ಕಿ ನೆಟ್ಟಗೆ ಮನೆಗೆ ಹೋದವರು ಆ ಬೀದಿಯಲ್ಲಿ ಕಡಿಮೆ. ಹಾಲಿನವನು ಗಂಟೆ ಒತ್ತಿ, ಅವಳು ಬಾಗಿಲು ತೆರೆಯುವುದರೊಳಗೆ ಪ್ಯಾಕೆಟ್ ಇಟ್ಟು ಓಟ ಕೀಳುತ್ತಿದ್ದ. ಮೂಗಿನ ತುದಿಯಲ್ಲೇ ಕೋಪ, ಎಲ್ಲರ ಮಾತಿನಲ್ಲೂ ತಪ್ಪು ಹುಡುಕುವ ಚಾಳಿ. ಆದರೆ ಕೆಲಸಕ್ಕೆ ಕೂತಳೆಂದರೆ ಮಾತ್ರ ಬೇರೆ ಹೆಂಗಸು. ಬೆಳಗ್ಗೆ ನಿಧಾನವಾಗಿ ಸ್ನಾನ ಮುಗಿಸಿ, ಒದ್ದೆ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡು, ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಕಿವಿಗೆ ಹೆಡ್‌ಫೋನ್ ಏರಿಸಿದರೆ ಕೀಲಿಗಳ ಸದ್ದು ಎದುರುಮನೆಯ ಜಗಲಿಯವರೆಗೂ ಕೇಳಿಸುತ್ತಿತ್ತು. ಆ ಹೆಸರು ಬಂದದ್ದೂ ಅದರಿಂದಲೇ.

ಅವಳ ಕೆಲಸ ಏನೆಂದರೆ, ದೊಡ್ಡ ಆಸ್ಪತ್ರೆಯೊಂದರ ಡಾಕ್ಟರುಗಳು ರೋಗಿಗಳನ್ನು ನೋಡಿ ಮುಗಿಸಿದ ಮೇಲೆ ಮೈಕಿಗೆ ಹೇಳುವ ಮಾತುಗಳನ್ನು ಕೇಳಿ ಟೈಪ್ ಮಾಡುವುದು. ನಡುವೆ ಒಂದು ಆಫೀಸು; ಅಲ್ಲಿಂದ ಧ್ವನಿ ಬರುತ್ತದೆ, ಅಲ್ಲಿಗೆ ಬರಹ ಹೋಗುತ್ತದೆ. ಡಾಕ್ಟರುಗಳಲ್ಲಿ ಒಬ್ಬ ಏನನ್ನೋ ಜಗಿಯುತ್ತಲೇ ಮಾತಾಡುತ್ತಿದ್ದ, ಇನ್ನೊಬ್ಬಳು ರೈಲು ತಪ್ಪಿಹೋಗುತ್ತದೆಯೇನೋ ಎಂಬಂತೆ ಬಡಬಡಿಸುತ್ತಿದ್ದಳು. "ಬಾಯಲ್ಲಿರೋದನ್ನ ಮೊದ್ಲು ನುಂಗಯ್ಯಾ, ಆಮೇಲೆ ಹೊಟ್ಟೆ ಕುಯ್ಯುವಿಯಂತೆ" ಎಂದು ಅಕ್ಕ ಒಬ್ಬಳೇ ಪರದೆಗೆ ಗದರುತ್ತಿದ್ದಳು. ಎಷ್ಟು ಗದರಿದರೂ ಅವಳು ಟೈಪ್ ಮಾಡಿದ್ದರಲ್ಲಿ ತಪ್ಪಿದೆ ಎಂದು ಆಸ್ಪತ್ರೆ ಒಂದು ಹಾಳೆಯನ್ನೂ ಹಿಂದಕ್ಕೆ ಕಳಿಸಿದ್ದಿಲ್ಲ. ಅದರ ಜಂಬ ಅವಳಿಗೆ ಬೆಟ್ಟದಷ್ಟಿತ್ತು.

ಜಂಬವಲ್ಲದೆ ಇನ್ನೇನಿತ್ತು ಹೇಳಿ? ಅಮ್ಮ ಬೇಗ ಹೋದಳು. ಅಕ್ಕನೇ ತಮ್ಮನನ್ನು ಎತ್ತಿ ಆಡಿಸಿ, ಮೂಗು ಒರೆಸಿ, ಓದಿಸಿ, ಮದುವೆ ಮಾಡಿದಳು. ತನ್ನ ಮದುವೆಯ ವಯಸ್ಸು ಆ ಗಡಿಬಿಡಿಯಲ್ಲಿ ಎಲ್ಲೋ ಜಾರಿಹೋಯಿತು. ಈಗ ತಲೆ ನೆರೆಯುತ್ತಿರುವ ಆ ತಮ್ಮನನ್ನು ಅವಳು ಇನ್ನೂ ಪುಟ್ಟ ಎಂದೇ ಕರೆಯುತ್ತಾಳೆ. ಪುಟ್ಟ ಒಂದು ಶಾಲೆಯ ಕಚೇರಿಯಲ್ಲಿ ಗುಮಾಸ್ತ. ಮನೆ ಅವನ ಹೆಸರಿನಲ್ಲಿತ್ತು, ಅಡುಗೆಮನೆ ಅವನ ಹೆಂಡತಿಯ ಕೈಯಲ್ಲಿತ್ತು. ಆ ಕೋಣೆ, ಆ ಕುರ್ಚಿ, ಆ ಕೆಲಸ ಇಷ್ಟು ಮಾತ್ರ ಅಕ್ಕನದು. ಕೆಲಸ ಹೋದ ದಿನ ತಾನು ಈ ಮನೆಯಲ್ಲಿ ಬಿಟ್ಟಿ ಕೂಳಿನವಳಾಗುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಈ ಲೋಕದಲ್ಲಿ ಹೆದರುತ್ತಿದ್ದುದು ಅದೊಂದಕ್ಕೇ.

ಆ ಮನೆಯವರದ್ದೊಂದು ವಿಚಿತ್ರ ರೂಢಿ. ಕಹಿ ಮಾತನ್ನು ಯಾರೂ ಯಾರಿಗೂ ಮುಖಕ್ಕೆ ಮುಖ ಕೊಟ್ಟು ಹೇಳುವುದಿಲ್ಲ. ಅಕ್ಕನನ್ನು ನೋಡಿಹೋದ ಗಂಡಿನವರು ಬೇಡ ಅಂದಾಗ ಅವಳ ಅಪ್ಪ, "ಅವರ ಮನೆಗೆ ಸುಣ್ಣ ಬಣ್ಣ ನಡೀತಿದೆಯಂತೆ, ಮುಗಿದ ಮೇಲೆ ಬರ್ತಾರಂತೆ" ಅಂದಿದ್ದ. ಆ ಬಣ್ಣ ಬಳಿಯುವುದು ಇವತ್ತಿಗೂ ಮುಗಿದಿಲ್ಲ. ಅಮ್ಮ ಸತ್ತಾಗ ಅಕ್ಕ ಪುಟ್ಟನಿಗೆ, "ಊರಿಗೆ ಹೋಗಿದಾಳೆ, ಬರ್ತಾಳೆ" ಅಂದಳು. ಆ ಮಗು ಗೇಟು ಹಿಡಿದುಕೊಂಡು ಕಾದು ಕಾದು, ಕೊನೆಗೆ ಒಂದು ದಿನ ತಾನಾಗಿಯೇ ಕಾಯುವುದನ್ನು ಬಿಟ್ಟಿತು. ಹೀಗೆ ಬೆಳೆದ ಮನುಷ್ಯ ಮುಂದೆ ಏನು ಮಾಡಿಯಾನು!

ಒಂದು ದಿನ ಪುಟ್ಟ ಊಟ ಮಾಡುತ್ತಾ, "ಅಕ್ಕಾ, ಇವಳಿಗೂ ಸ್ವಲ್ಪ ಟೈಪಿಂಗ್ ಕಲಿಸೇ. ಮಧ್ಯಾಹ್ನ ಸುಮ್ನೆ ಕೂತಿರ್ತಾಳೆ" ಅಂದ. ಅಕ್ಕ ಒಪ್ಪಿದಳು. ಒಪ್ಪಿ, ಆ ಹೆಣ್ಣಿನ ಪ್ರಾಣ ಹಿಂಡಿದಳು. ಪಕ್ಕದಲ್ಲಿ ಅಡಿಪಟ್ಟಿ ಹಿಡಿದು ಕೂತು, ತಪ್ಪು ಕೀಲಿ ಒತ್ತಿದಾಗಲೆಲ್ಲ ಗೆಣ್ಣಿನ ಮೇಲೆ ಪಟ್ಟೆಂದು ಹಾಕುತ್ತಿದ್ದಳು.

"ಇವು ಬೆರಳಾ, ಸೌತೆಕಾಯಾ? ನಿಮ್ಮಮ್ಮ ನಿನಗೆ ತಿನ್ನೋದು ಬಿಟ್ಟು ಬೇರೇನೂ ಕಲಿಸಲಿಲ್ವಾ?"

ತಮ್ಮನ ಹೆಂಡತಿ ಕಣ್ಣಲ್ಲಿ ನೀರು ತುಂಬಿಕೊಂಡು, "ಇನ್ನೊಂದ್ಸಲ ಮಾಡ್ತೀನಿ ಅತ್ತಿಗೆ" ಅನ್ನುತ್ತಿದ್ದಳು. ಒಂದು ದಿನವೂ ತಿರುಗಿ ಮಾತಾಡಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಅಂಥ ತಾಳ್ಮೆ ಎಲ್ಲಿಂದ ಬರುತ್ತದೆ ಎಂದು ಅಕ್ಕ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಕಲಿಸುವುದು ಒಂದು ಹದಕ್ಕೆ ಬಂದ ಮೇಲೆ ಶುರುವಾಯಿತು ನೋಡಿ ಕಾಟ. ಒಂದು ಬೆಳಗ್ಗೆ ಅಕ್ಕ ಸ್ನಾನ ಮುಗಿಸಿ ಬಂದು ಕೂತರೆ ಪರದೆಯ ಮೂಲೆಯಲ್ಲಿ ಯಾವಾಗಲೂ ಹಸಿರಾಗಿರುತ್ತಿದ್ದ ಆಂಟಿವೈರಸ್ಸಿನ ಗುರಾಣಿ ಚಿಹ್ನೆ ಕೆಂಪಾಗಿತ್ತು. ಅಪ್‌ಡೇಟ್ ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂಬ ಸಂದೇಶ. ಮತ್ತೆ ಪ್ರಯತ್ನಿಸಿದಳು, ಮತ್ತೆ ಅದೇ. ರೋಗಿಗಳ ಗುಟ್ಟಿನ ವಿಷಯವಾದ್ದರಿಂದ ಆಫೀಸಿನದೊಂದು ಕಟ್ಟುನಿಟ್ಟು ಇತ್ತು: ಆಂಟಿವೈರಸ್ ಆ ಹೊತ್ತಿಗೆ ಸರಿಯಾಗಿ ಅಪ್‌ಡೇಟ್ ಆಗಿರದ ಕಂಪ್ಯೂಟರಿಗೆ ಅವರ ಬಾಗಿಲು ತೆರೆಯುವುದಿಲ್ಲ. ಅಂದು ತೆರೆಯಲಿಲ್ಲ.

ಸಂಜೆ ಪುಟ್ಟ ಬಂದು ಕುರ್ಚಿ ಎಳೆದುಕೊಂಡು ಕೂತ. "ನೀನು ಮುಟ್ಬೇಡ ಅಕ್ಕ, ನಾನು ನೋಡ್ತೀನಿ. ಒಂದು ಲೋಟ ಚಹಾ ತಗೊಂಡು ಬಾ" ಅಂದ. ಅವಳು ಚಹಾ ತರುವುದರೊಳಗೆ ಗುರಾಣಿ ಹಸಿರಾಗಿತ್ತು. ಅಕ್ಕ ತಮ್ಮನ ತಲೆ ಸವರಿ, ಅಡುಗೆಮನೆಯತ್ತ ಮುಖ ಮಾಡಿ, "ನೋಡಿದೆಯೇನೇ ನಿನ್ನ ಗಂಡನ್ನ? ನಾನು ಬೆಳೆಸಿದ್ದು" ಎಂದು ಕೂಗಿದಳು. ಮರುದಿನ ಸ್ನಾನ ಮುಗಿಸಿ ಬಂದರೆ ಮತ್ತೆ ಕೆಂಪು.

ಹೀಗೆಯೇ ನಡೆಯಿತು. ಸಂಜೆ ಹಸಿರು, ಬೆಳಗ್ಗೆ ಕೆಂಪು. ಕ್ರಮೇಣ ಸಂಜೆಯ ಹಸಿರೂ ನಿಂತಿತು. ಪುಟ್ಟ ತಲೆ ಕೆರೆದುಕೊಂಡು, "ಮಿಷನ್ನಿಗೆ ವಯಸ್ಸಾಯ್ತು ಅಕ್ಕ" ಅನ್ನತೊಡಗಿದ. ಅಕ್ಕ ಸುಮ್ಮನೆ ಕೂರುವ ಪೈಕಿ ಅಲ್ಲ. ಆಫ್ ಮಾಡಿ ಆನ್ ಮಾಡಿದಳು. ಇಂಟರ್ನೆಟ್ ಡಬ್ಬಿಯ ವೈರು ಕಿತ್ತು ಊದಿ ಮತ್ತೆ ಚುಚ್ಚಿದಳು. ಆಂಟಿವೈರಸ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಅಲ್ಲಿದ್ದವನು ಜೇನು ಸವರಿದ ದನಿಯಲ್ಲಿ, "ಇಂಟರ್ನೆಟ್ ಇದೆಯಾ ಮೇಡಂ?" ಎಂದು ಕೇಳಿದ. ದೀಪ ಮಿಣುಕುತ್ತಿದೆ ಅಂದಳು. "ಬೇರೆ ಆಂಟಿವೈರಸ್ ಏನಾದ್ರೂ ಹಾಕಿದೀರಾ? ಎರಡಿದ್ರೆ ಒಂದಕ್ಕೊಂದು ಕಿತ್ತಾಡ್ತವೆ" ಅಂದ. ಹುಡುಕಿದರೆ ಪುಟ್ಟ ಯಾವುದೋ ಬಿಟ್ಟಿಯದನ್ನು ಹಾಕಿದ್ದ. ತೆಗೆದಳು. ಹಳೆಯದನ್ನೂ ಪೂರ್ತಿ ತೆಗೆದು ಹೊಸದಾಗಿ ಹಾಕಲು ನೋಡಿದಳು, ಅದು ಅರ್ಧಕ್ಕೆ ನಿಂತಿತು.

"ಜಾಗ ಸಾಲ್ತಿಲ್ಲ ಅನ್ಸತ್ತೆ ಅಕ್ಕ" ಅಂದ ಪುಟ್ಟ. "ಹಳೇ ಫೋಟೋಗಳೆಲ್ಲ ತುಂಬ್ಕೊಂಡಿವೆ. ತೆಗೆದು ನೋಡು."

ಹಳೇ ಫೋಟೋ ಎಂದರೆ ಅಮ್ಮನವು. ಆಲ್ಬಮ್ಮಿಗೆ ಗೆದ್ದಲು ಹತ್ತುವ ಮೊದಲು ಅಕ್ಕ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿದ್ದವು. ಅಮ್ಮ ಬಾವಿಕಟ್ಟೆಯ ಮೇಲೆ ಕೂತದ್ದು, ಅಮ್ಮ ಪುಟ್ಟನನ್ನು ಸೊಂಟಕ್ಕೆ ಏರಿಸಿಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಇದು ಪುಟ್ಟನಿಗೂ ಗೊತ್ತಿತ್ತು. ಅಕ್ಕ ಒಂದೊಂದನ್ನೇ ತೆರೆದು ನೋಡಿ ಅಳಿಸಿದಳು. ಕೆಲಸ ಇದ್ದರೆ ತಾನಿರುತ್ತೇನೆ, ಸತ್ತವಳಿಗೆ ಏನಾಗಬೇಕಿದೆ ಎಂದು ತನಗೆ ತಾನೇ ಹೇಳಿಕೊಂಡಳು. ಪುಟ್ಟ ಅವಳ ಹಿಂದೆಯೇ ನಿಂತು ನೋಡುತ್ತಿದ್ದ. ಬೇಡ ಅನ್ನಲಿಲ್ಲ ಆ ಮಹಾನುಭಾವ. ಕಸದ ಬುಟ್ಟಿಯನ್ನೂ ಖಾಲಿ ಮಾಡಬೇಕು ಎಂದು ನೆನಪಿಸಿ, ಅದನ್ನು ತಾನೇ ಒತ್ತಿಕೊಟ್ಟ.

ಗುರಾಣಿ ಕೆಂಪಾಗಿಯೇ ಇತ್ತು. ಆಫೀಸಿನ ಮೇಡಂ ಫೋನ್ ಮಾಡಿ, "ಈ ವಾರದೊಳಗೆ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ತಗೋಬೇಕಾಗುತ್ತೆ" ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ಅಕ್ಕ ರಿಪೇರಿ ಅಂಗಡಿಗೆ ಒಯ್ಯುತ್ತೇನೆ ಅಂದರೆ ಪುಟ್ಟ, "ಅಯ್ಯೋ ಬೇಡ, ಒಳಗಿನ ಭಾಗಗಳನ್ನೇ ಕದ್ದುಬಿಡ್ತಾರೆ" ಎಂದು ಅಡ್ಡಬಾಯಿ ಹಾಕಿದ. ಅವನು ಶಾಲೆಗೆ ಹೋದದ್ದೇ ತಡ, ಅಕ್ಕ ಕಂಪ್ಯೂಟರಿನ ಪೆಟ್ಟಿಗೆಯನ್ನು ಹಳೇ ಹೊದಿಕೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದಳು.

ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿತ್ತು. ರಿಪೇರಿಯವಳು ಗಟ್ಟಿ ಆಸಾಮಿ, ಬಾಯಲ್ಲಿ ಅಕ್ಕನಿಗೇ ಸರಿಸಾಟಿ. ಪೆಟ್ಟಿಗೆಗೆ ತನ್ನ ಪರದೆ ಜೋಡಿಸಿ, ಅಕ್ಕನಿಂದ ಪಾಸ್‌ವರ್ಡ್ ಹಾಕಿಸಿ, ಕಣ್ಣಾಡಿಸಿದವಳೇ ಗಹಗಹಿಸಿ ನಕ್ಕಳು.

"ಏನಮ್ಮಾ, ನೀವಿನ್ನೂ ಹೋದ ವರ್ಷದಲ್ಲೇ ಇದೀರಲ್ಲ!"

"ಏನು ಹಾಗಂದ್ರೆ?"

"ಇಲ್ಲಿ ಮೂಲೇಲಿ ನೋಡಿ. ತಾರೀಖು ಸರಿ, ತಿಂಗಳು ಸರಿ, ವರ್ಷ ಮಾತ್ರ ಒಂದು ಹಿಂದೆ. ಅಪ್‌ಡೇಟ್ ಕಳಿಸೋರು ಬಾಗಿಲಲ್ಲಿ ತಮ್ಮ ಗುರುತಿನ ಚೀಟಿ ತೋರಿಸ್ತಾರೆ. ಅದರ ಮೇಲೆ ಈ ವರ್ಷದ ತಾರೀಖಿರುತ್ತೆ. ನಿಮ್ಮ ಕಂಪ್ಯೂಟರು ಹೋದ ವರ್ಷದಲ್ಲಿ ಕೂತ್ಕೊಂಡು, ಈ ಚೀಟಿ ಇನ್ನೂ ಹುಟ್ಟೇ ಇಲ್ಲ, ಯಾರೋ ಕಳ್ಳ ಬಂದಿದಾನೆ ಅಂತ ಚಿಲಕ ಹಾಕ್ಕೊಳ್ಳುತ್ತೆ. ಅದರ ತಪ್ಪೇನಿದೆ?"

ಅಕ್ಕ ಬಗ್ಗಿ ನೋಡಿದಳು. ಇರುವೆಯಷ್ಟು ಸಣ್ಣ ಅಂಕಿಗಳು. ತಾರೀಖು ನೋಡುವವರುಂಟು, ವರ್ಷವನ್ನು ಯಾರು ನೋಡುತ್ತಾರೆ?

"ಒಳಗೆ ಸೆಲ್ ಇರುತ್ತಂತಲ್ಲ, ಅದು ಸತ್ತಿರಬೇಕು" ಅಂದಳು.

"ಸೆಲ್ ಸತ್ರೆ ಗಡಿಯಾರ ಎಲ್ಲೋ ಹಳೇ ಕಾಲಕ್ಕೆ ಹೋಗಿ ಬೀಳುತ್ತೆ, ಕಂಪ್ಯೂಟರ್ ತಯಾರಾದಾಗಿನ ತಾರೀಖಿಗೆ. ತಾರೀಖು ತಿಂಗಳು ಎರಡನ್ನೂ ಮುಟ್ಟದೆ, ನಾಜೂಕಾಗಿ ವರ್ಷ ಒಂದನ್ನೇ ಹಿಂದಕ್ಕೆ ತಳ್ಳೋ ಬುದ್ಧಿ ಸೆಲ್ಲಿಗೆಲ್ಲಿಂದ ಬರ್ಬೇಕು? ಗಡಿಯಾರ ತಾನಾಗೇ ಸರಿಹೋಗೋ ಸ್ವಿಚ್ಚನ್ನೂ ಆರಿಸಿಟ್ಟಿದಾರೆ. ಇದು ಕೈಯ ಕೆಲಸ ಕಣಮ್ಮಾ. ಮನೇಲಿ ನಿಮ್ಮನ್ನ ಕಂಡ್ರೆ ಆಗದೋರು ಯಾರಿದಾರೆ?"

"ಮತ್ತೆ ಜಾಗ? ಜಾಗ ಸಾಲ್ತಿಲ್ಲ ಅಂತ..."

"ಜಾಗ ಬೇಕಾದಷ್ಟು ಬಿದ್ದಿದೆ. ಮದುವೆ ಛತ್ರ ಕಟ್ಬಹುದು."

ಅಕ್ಕ ಪರದೆಯಲ್ಲಿ ಕಸದ ಬುಟ್ಟಿಯನ್ನು ತೆರೆದು ನೋಡಿದಳು, ಖಾಲಿ. ರಿಪೇರಿಯವಳು ವರ್ಷ ಸರಿಮಾಡಿ, ಆಂಟಿವೈರಸ್ಸನ್ನು ಹೊಸದಾಗಿ ಹಾಕಿ, ಗುರಾಣಿ ಹಸಿರಾದದ್ದನ್ನು ತೋರಿಸಿದಳು. ಆ ಹಸಿರು ನೋಡಿ ಅಕ್ಕನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಕಂಡರೆ ಆಗದವರು ಎಂದರೆ ಇನ್ಯಾರು? ಗೆಣ್ಣಿಗೆ ಏಟು ತಿಂದವಳೇ ಸೇಡು ತೀರಿಸಿಕೊಂಡಿದ್ದಾಳೆ, ಸಂದೇಹವೇ ಇಲ್ಲ.

ಮನೆಗೆ ಬಂದವಳು ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿ ನೇರ ಅಡುಗೆಮನೆಗೆ ನುಗ್ಗಿದಳು. ಅಂದು ಅವಳ ಬಾಯಿಂದ ಬಂದದ್ದನ್ನೆಲ್ಲ ಬರೆಯಲು ಹೇಸಿಗೆಯಾಗುತ್ತದೆ. ಮನೆಹಾಳಿ ಅಂದಳು, ಉಂಡ ಮನೆಗೆ ವಿಷ ಇಟ್ಟವಳು ಅಂದಳು. ಸಾಲದೆಂದು, "ನಿನ್ನಂಥೋಳ ಹೊಟ್ಟೇಲಿ ಒಂದು ಮಗು ಹುಟ್ಟದೇ ಇದ್ದದ್ದೇ ಪುಣ್ಯ" ಎಂದೂ ಅಂದಳು. ತಮ್ಮನ ಹೆಂಡತಿ ಒಲೆ ಆರಿಸಿ, ಕೈ ಒರೆಸಿಕೊಂಡು, ಪೂರ್ತಿ ಕೇಳಿಸಿಕೊಂಡಳು.

"ಮುಗೀತಾ ಅತ್ತಿಗೆ?" ಅಂದಳು. "ನನಗೆ ಪಾಸ್‌ವರ್ಡೇ ಗೊತ್ತಿಲ್ಲ. ಕಲಿಸೋವಾಗ್ಲೂ ನನ್ನ ಮುಖ ಆಚೆ ತಿರುಗಿಸಿ ಹಾಕ್ತಿದ್ರಿ. ನೀವು ಅದನ್ನ ಕೊಟ್ಟಿರೋದು ಒಬ್ಬರಿಗೇ."

ತಾನು ಬಚ್ಚಲಲ್ಲಿ ನೀರು ಹೊಯ್ದುಕೊಳ್ಳುವಾಗ ಕೋಣೆಯಲ್ಲಿ ಕುರ್ಚಿ ಸರಿದಂತೆ ಕೇಳಿಸುತ್ತಿದ್ದದ್ದು, ಪಾಪ ಕೆಲಸಕ್ಕೆ ಹೋಗುವ ಅವಸರದಲ್ಲೂ ಪುಟ್ಟ ತನ್ನ ಕಂಪ್ಯೂಟರ್ ನೋಡುತ್ತಿದ್ದಾನೆ ಎಂದು ತಾನು ಖುಷಿಪಟ್ಟದ್ದು ಎಲ್ಲ ಒಟ್ಟಿಗೇ ಅಕ್ಕನ ತಲೆಗೆ ಬಂತು.

ಪುಟ್ಟ ಬಂದು ಚಪ್ಪಲಿ ಬಿಡುವಾಗಲೇ ಅವಳು ಎದುರು ನಿಂತಿದ್ದಳು.

"ವರ್ಷ ಹಿಂದಕ್ಕೆ ತಳ್ಳಿದ್ದು ನೀನೇನಾ?"

ಅವನು ಹೆಂಡತಿಯ ಮುಖ ನೋಡಿದ, ಚಪ್ಪಲಿ ನೋಡಿದ. ಆಮೇಲೆ, "ಕೂತ್ಕೋ ಅಕ್ಕ" ಅಂದ.

"ಬೊಗಳು."

"ಇವಳ ಅಮ್ಮ ಹಾಸಿಗೆ ಹಿಡಿದಿದಾರೆ. ಇಲ್ಲಿಗೆ ಕರ್ಕೊಂಡು ಬರ್ಬೇಕು. ನಿನ್ನ ಕೋಣೆಗೆ ಬಚ್ಚಲು ಹತ್ರ. ಎತ್ತಿ ಇಳಿಸಿ, ಒರೆಸಿ ಮಾಡೋದು ಇವಳಿಂದ ಆಗಲ್ಲ. ನಿನಗಾದ್ರೆ ಹಾಸಿಗೆ ಹಿಡಿದಿದ್ದ ಅಪ್ಪನ್ನ ಕೊನೇವರೆಗೂ ನೋಡ್ಕೊಂಡು ಅಭ್ಯಾಸ ಇದೆ. ಆದ್ರೆ ಕೆಲಸ ಬಿಡು ಅಂದ್ರೆ ನೀನು ಬಿಡ್ತಿದ್ಯಾ? ಹೇಗೆ ಹೇಳೋದು ನಿನಗೆ? ಅದು ತಾನಾಗೇ ಹೋದ್ರೆ ನಿನಗೂ ಬೇಜಾರಾಗಲ್ಲ, ನಾನೂ ಕೆಟ್ಟೋನಾಗಲ್ಲ ಅಂತ..."

"ಅಮ್ಮನ ಫೋಟೋ ಅಳಿಸ್ತಿದ್ದಾಗ ಹಿಂದೇನೇ ನಿಂತಿದ್ಯಲ್ಲೋ."

"ಆಗ ಹೇಗೆ ಹೇಳ್ಲಿ? ಹೇಳಿದ್ರೆ ಎಲ್ಲಾ ಗೊತ್ತಾಗ್ತಿತ್ತಲ್ಲ" ಅಂದ ಪುಟ್ಟ. ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ, ಇಷ್ಟೂ ಅರ್ಥವಾಗುವುದಿಲ್ಲವೇ ಎಂಬ ಬೇಸರ ಇತ್ತು. ಥೂ, ಅಂಥವನ ಜನ್ಮಕ್ಕಿಷ್ಟು.

ಅಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಆಫೀಸಿನ ಮೇಡಂಗೆ ಫೋನ್ ಮಾಡಿದಳು. ಕಂಪ್ಯೂಟರ್ ಸರಿಹೋಗಿದೆ, ಅಪ್‌ಡೇಟ್ ಆಗಿದೆ, ವಾರ ಇನ್ನೂ ಮುಗಿದಿಲ್ಲ, ಈಗಲೇ ಕೂರುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದಳು. ಆ ಕಡೆಯಿಂದ ಮೇಡಂ, "ನಿಮ್ಮ ತಮ್ಮ ನಿಮಗೆ ಹೇಳ್ಲಿಲ್ವಾ?" ಎಂದಳು.

"ಏನು?"

"ನಿಮ್ಮ ಮನೆಯೋರನ್ನೇ ತಗೊಂಡಿದೀವಲ್ಲ ನಿಮ್ಮ ಜಾಗಕ್ಕೆ. ನೀವೇ ಕಲಿಸಿ ತಯಾರು ಮಾಡಿದೀರಂತೆ. ನಿಮ್ಮ ತಮ್ಮ ಇವತ್ತು ಬಂದಿದ್ರು. ನಿಮಗೆ ಈಚೆಗೆ ಕಿವಿ ಮಂದ ಆಗಿದೆ, ಹೇಳ್ಕೊಳ್ಳಕ್ಕೆ ಸಂಕೋಚ ಪಡ್ತಾರೆ ಅಂದ್ರು. ಪಾಪ, ತುಂಬಾ ನೊಂದ್ಕೊಂಡ್ರು. ನಮಗೂ ಬೇಜಾರೇ. ಆದ್ರೆ ಆಸ್ಪತ್ರೆ ವಿಷಯ ನೋಡಿ, ಕಿವಿ ಮಂದ ಅಂದ್ಮೇಲೆ ಹೇಗೆ ಇಟ್ಕೊಳ್ಳೋದು? ಅದೇ ಮನೆ, ಅದೇ ಕಂಪ್ಯೂಟರು. ನಿಮಗೂ ಒಂಥರಾ ಸಮಾಧಾನ ಅಲ್ವಾ?"

"ನನ್ನ ಕಿವಿ ಚೆನ್ನಾಗಿದೆ" ಅಂದಳು ಅಕ್ಕ.

"ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ" ಅಂದಳು ಮೇಡಂ. ಅಕ್ಕ ಫೋನ್ ಇಟ್ಟಳು.

ಮನೆ ಬಿಟ್ಟು ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎಲ್ಲಿಗೆ? ಟೈಪಿಂಗ್ ಕೊಡುವ ಬೇರೆ ಆಫೀಸುಗಳ ಬಾಗಿಲನ್ನೂ ತಟ್ಟಿದಳು. ಊರಿನ ಆಫೀಸುಗಳೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರದೇ, ಅವಳ ಕಿವಿಯ ಸುದ್ದಿ ಅವಳಿಗಿಂತ ಮೊದಲೇ ಹೋಗಿ ಕೂತಿತ್ತು. ಕಿವಿ ಮಂದದ ಟೈಪಿಸ್ಟನ್ನು ಯಾರು ಕರೆಯುತ್ತಾರೆ? ಕೆಲವರಂತೂ ಅವಳು ಕೇಳಿಸುತ್ತದೆ ಅಂದಷ್ಟೂ ದನಿ ಏರಿಸಿ, ಕೈಸನ್ನೆ ಮಾಡಿ ಮಾತಾಡಿದರು.

ತಮ್ಮನ ಹೆಂಡತಿಯ ತಾಯಿ ಬಂದಳು. ಹಾಸಿಗೆಯ ಜೊತೆಗೇ ಬಂದಳು ಅನ್ನಬೇಕು. ಕಂಪ್ಯೂಟರ್ ಹಜಾರಕ್ಕೆ ಹೋಯಿತು, ಮುದುಕಿ ಕಿಟಕಿ ಪಕ್ಕಕ್ಕೆ ಬಂದಳು. ಅಕ್ಕನ ಚಾಪೆ ಅವಳ ಕಾಲ ಬಳಿ. ಬೆಳಗಾದರೆ ಎತ್ತಿ ಕೂರಿಸುವುದು, ಒರೆಸುವುದು, ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಹೊರಳಿಸುವುದು. ಹಜಾರದಿಂದ ಕೀಲಿಗಳ ಸದ್ದು ತಡವರಿಸುತ್ತಾ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ, "ಅತ್ತಿಗೇ, ಇಲ್ಲೊಂಚೂರು ಬನ್ನಿ, ಈ ಡಾಕ್ಟರು ಏನಂತಿದಾರೆ?" ಎಂಬ ಕೂಗು. ಮೊದಲ ದಿನ ಅಕ್ಕ ಹೋಗಬಾರದು ಎಂದುಕೊಂಡಳು. ತಪ್ಪಾಗಿ ಟೈಪಾದರೆ ಯಾರದೋ ಹೊಟ್ಟೆಯನ್ನು ಎಡಗಡೆ ಕುಯ್ಯುವ ಬದಲು ಬಲಗಡೆ ಕುಯ್ದಾರು. ಹೋದಳು. ಹೆಡ್‌ಫೋನಿನ ಒಂದು ಬದಿಯನ್ನು ಕಿವಿಗೆ ಒತ್ತಿಕೊಂಡು, ಜಗಿಯುವ ಡಾಕ್ಟರನ ಮಾತನ್ನು ಒಂದೇ ಸಲಕ್ಕೆ ಬಿಡಿಸಿ ಹೇಳಿದಳು. "ಹಾಂ, ಸರಿ" ಅಂದಳು ತಮ್ಮನ ಹೆಂಡತಿ, ಪರದೆಯಿಂದ ಕಣ್ಣು ತೆಗೆಯದೆ. "ಅಮ್ಮ ಒದ್ದೆ ಮಾಡ್ಕೊಂಡಿರ್ಬೇಕು, ಸ್ವಲ್ಪ ನೋಡಿ."

ಮುದುಕಿಗೆ ಮರೆವು, ಆದರೆ ಕೆಟ್ಟವಳಲ್ಲ. ಒಂದು ಭಾನುವಾರ ಅಕ್ಕ ಅವಳ ಬೆನ್ನಿಗೆ ಪೌಡರ್ ಹಾಕುತ್ತಿದ್ದಾಗ ಅವಳು ಕತ್ತು ತಿರುಗಿಸಿ ಕೇಳಿದಳು.

"ನಿನ್ನ ಕೈ ಬಹಳ ಮೆದು ಕಣಮ್ಮ. ನಿನ್ನನ್ನ ಎಲ್ಲಿಂದ ಕರ್ಕೊಂಡು ಬಂದ್ರು? ಈ ಮನೆ ಬಿಡ್ಬೇಡ. ನನ್ನ ಮಗಳು ಆಸ್ಪತ್ರೆ ಕೆಲಸದಲ್ಲಿದಾಳೆ, ದೊಡ್ಡ ಕೆಲಸ. ಅಳಿಯ ದೇವರಂಥೋನು."

"ಹೂಂ" ಅಂದಳು ಅಕ್ಕ.

"ನಿನಗೆ ಯಾರೂ ಇಲ್ವಾ? ಒಡಹುಟ್ಟಿದೋರು?"

ಆ ಹೊತ್ತಿಗೆ ಪುಟ್ಟ ಔಷಧಿ ಅಂಗಡಿಯಿಂದ ಮುಲಾಮಿನ ಪೊಟ್ಟಣ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದ. ಅಕ್ಕ ಅವನನ್ನು ನೋಡಿದಳು. ನೋಡುತ್ತಲೇ, ಸ್ಪಷ್ಟವಾಗಿ, ಡಾಕ್ಟರರ ಮಾತನ್ನು ಬಿಡಿಸಿ ಹೇಳುವ ದನಿಯಲ್ಲಿ ಹೇಳಿದಳು.

"ಒಬ್ಬ ತಮ್ಮ ಇದ್ದ. ಸತ್ತುಹೋದ."

"ಅಯ್ಯೋ ಪಾಪ! ಏನಾಗಿತ್ತಮ್ಮ?"

"ಏನೂ ಆಗಿರ್ಲಿಲ್ಲ" ಅಂದಳು ಅಕ್ಕ. "ಚೆನ್ನಾಗೇ ಇದ್ದ."

ಮುದುಕಿ ಲೊಚಗುಟ್ಟಿದಳು. ಪುಟ್ಟ ಪೊಟ್ಟಣವನ್ನು ಹೊಸ್ತಿಲ ಮೇಲೆ ಇಟ್ಟು ಹೊರಟುಹೋದ. ಅಕ್ಕ ಮುದುಕಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದಳು.